ಮೊದಲ ಮಾತ್ರೆ ಆಸ್ಪತ್ರೆಯದು, ಮುಂದಿನ ಎರಡು ವರ್ಷ ಯಾರದು?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಾಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣ ಅದರ ಹಿನ್ನೆಲೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು ಎಂಬುದು ಅವುಗಳಲ್ಲಿ ಹೆಚ್ಚು ಚರ್ಚೆಯಾದ ಅಂಶ.

ಸುದ್ದಿ ಓದಿದ ಪೋಷಕರಿಗೆ ಸಮಾಧಾನದ ಜೊತೆಗೆ ಗೊಂದಲವೂ ಆಗಿದೆ. ಕಾಲೇಜಿನಲ್ಲಿ ಆಪ್ತಸಮಾಲೋಚಕರು ಬರುತ್ತಾರೆ, ಫೋನಿನಲ್ಲಿ 14416 ಸಹಾಯವಾಣಿ ಇದೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹಾಗಾದರೆ ಹತ್ತೊಂಬತ್ತು ವರ್ಷದ ಮಗ ಒಂದು ದಿನ ಕಿಟಕಿ ಮುಚ್ಚಿ, ಎದುರು ಮನೆಯವರು ತನ್ನ ತಲೆಯೊಳಗಿನ ಮಾತನ್ನು ಕದ್ದು ಕೇಳುತ್ತಿದ್ದಾರೆ ಎಂದು ಹೇಳಿದರೆ ಮೊದಲು ಯಾರ ಬಳಿ ಹೋಗಬೇಕು? ಅವರು ಕೊಟ್ಟ ಚೀಟಿ ಹಿಡಿದು ಮನೆಗೆ ಬಂದ ಮೇಲೆ ಮುಂದೇನು? ಮೊದಲ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಅಷ್ಟಿಷ್ಟು ಉತ್ತರವಿದೆ. ಎರಡನೆಯದಕ್ಕೆ ಬಹುತೇಕ ಇಲ್ಲ. ಈ ಲೇಖನ ಮುಖ್ಯವಾಗಿ ಆ ಎರಡನೆಯ ಪ್ರಶ್ನೆಯ ಕುರಿತದ್ದು.

ಒತ್ತಡ ಬೇರೆ, ಸೈಕೋಸಿಸ್ ಬೇರೆ

ಪರೀಕ್ಷೆಯ ಭಯ, ಪ್ರೇಮದ ಸೋಲು, ಮನೆಯ ಜಗಳದಿಂದ ಬರುವ ಸಂಕಟಕ್ಕೆ ಕೇಳುವ ಕಿವಿ ಸಿಕ್ಕಿದರೆ ಎಷ್ಟೋ ಹಗುರವಾಗುತ್ತದೆ. ಆಪ್ತಸಮಾಲೋಚನೆಯ ಶಕ್ತಿ ಇರುವುದು ಅಲ್ಲಿ. ಸೈಕೋಸಿಸ್‌ನಲ್ಲಿ ವಾಸ್ತವವನ್ನು ಗ್ರಹಿಸುವ ಶಕ್ತಿಯೇ ಏರುಪೇರಾಗುತ್ತದೆ. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುತ್ತದೆ. ಅದು ಬೈಯಬಹುದು, ಅಪ್ಪಣೆ ಕೊಡಬಹುದು. ತನ್ನ ವಿರುದ್ಧ ಸಂಚು ನಡೆಯುತ್ತಿದೆ ಎಂಬ ಸಂಶಯ ಗಟ್ಟಿ ನಂಬಿಕೆಯಾಗುತ್ತದೆ. ಮಾತಿನ ಎಳೆ ತಪ್ಪುತ್ತದೆ. ಇದು ಒಂದೇ ಕಾಯಿಲೆಯ ಹೆಸರಲ್ಲ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಗಾಂಜಾದಂಥ ಮಾದಕ ವಸ್ತು, ಕೆಲವೊಮ್ಮೆ ಮಿದುಳಿನ ಸೋಂಕು ಸಹ ಇದೇ ಸ್ಥಿತಿಗೆ ತರಬಲ್ಲವು. ಆದ್ದರಿಂದ ಮೊದಲ ಬಾರಿ ಹೀಗಾದಾಗ ಮನೋವೈದ್ಯರ ಪರೀಕ್ಷೆ ಆಗಲೇಬೇಕು. ಆಪ್ತಸಮಾಲೋಚಕರು ಇದನ್ನು ಗುರುತಿಸಿ ಕಳುಹಿಸಿದರೆ ಅದೇ ದೊಡ್ಡ ಉಪಕಾರ. ಮಾತಿನಿಂದಲೇ ವಾಸಿಮಾಡುತ್ತೇನೆಂದು ಆರು ತಿಂಗಳು ಕೂರಿಸಿಕೊಂಡರೆ ಅಪಾಯ.

ಸಾಮಾನ್ಯವಾಗಿ ಇದು ತಲೆದೋರುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯದಲ್ಲಿ. ಪಿಯುಸಿ, ಪದವಿ, ಮೊದಲ ನೌಕರಿ, ಮದುವೆಯ ಮಾತುಕತೆ, ಎಲ್ಲವೂ ಒಂದರ ಮೇಲೊಂದು ಬರುವ ವಯಸ್ಸು ಅದು. ಹಾಗಾಗಿ ಕಾಯಿಲೆ ಕಿತ್ತುಕೊಳ್ಳುವುದು ಆರೋಗ್ಯವನ್ನು ಮಾತ್ರವಲ್ಲ, ಬದುಕು ಕಟ್ಟಿಕೊಳ್ಳಬೇಕಾದ ವರ್ಷಗಳನ್ನೂ.

ಕಳೆದುಹೋಗುವ ತಿಂಗಳುಗಳು

ಮನೆಯಲ್ಲಿ ಇದು ಒಮ್ಮೆಲೇ ಕಾಣಿಸಿಕೊಳ್ಳುವುದು ಅಪರೂಪ. ಮೊದಲು ನಿದ್ದೆ ಕೆಡುತ್ತದೆ. ರಾತ್ರಿಯಿಡೀ ದೀಪ ಉರಿಯುತ್ತದೆ. ಸ್ನಾನ ವಾರಕ್ಕೊಮ್ಮೆಗೆ ಇಳಿಯುತ್ತದೆ. ಗೆಳೆಯರ ಕರೆಗೆ ಉತ್ತರವಿಲ್ಲ. ಓದಿನಲ್ಲಿ ಮುಂದಿದ್ದವನು ಹಿಂದೆ ಬೀಳುತ್ತಾನೆ. ತಟ್ಟೆಯನ್ನು ಮುಂದಿಟ್ಟರೆ ಅನ್ನವನ್ನು ಮೂಸಿ ನೋಡಿ, ಅಮ್ಮ ಒಂದು ತುತ್ತು ತಿಂದ ಮೇಲೆಯೇ ತಾನು ತಿನ್ನುತ್ತಾನೆ. ಈ ತುತ್ತಿನ ವಿಷಯವನ್ನು ಮನೆಯವರು ವೈದ್ಯರ ಮುಂದೆ ಎಷ್ಟೋ ತಡವಾಗಿ ಹೇಳುತ್ತಾರೆ. ಅಲ್ಲಿಯವರೆಗೆ ಅದು ಅವರಿಗೆ ಹುಡುಗನ ಹಟವಾಗಿ ಕಂಡಿರುತ್ತದೆ.

ಮೊದಲ ಸ್ಪಷ್ಟ ಲಕ್ಷಣದಿಂದ ಮೊದಲ ಸರಿಯಾದ ಚಿಕಿತ್ಸೆಯವರೆಗಿನ ಅವಧಿಯನ್ನು ತಜ್ಞರು ಪ್ರತ್ಯೇಕವಾಗಿ ಅಳೆಯುತ್ತಾರೆ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ಅಮೆರಿಕದ 21 ರಾಜ್ಯಗಳ 34 ಚಿಕಿತ್ಸಾಲಯಗಳಲ್ಲಿ 404 ಮಂದಿಯ ಮೇಲೆ, ಮೊದಲ ಸೈಕೋಸಿಸ್‌ಗೆಂದೇ ರೂಪಿಸಿದ ವಿಶೇಷ ಚಿಕಿತ್ಸೆಯನ್ನು ಪರೀಕ್ಷಿಸಲು ನಡೆದ ‘ರೈಸ್’ ಅಧ್ಯಯನದಲ್ಲಿ ಈ ಅವಧಿಯ ಮಧ್ಯಮಾಂಕ 74 ವಾರ ಇತ್ತು. ಅಂದರೆ ಅರ್ಧದಷ್ಟು ಮಂದಿ ಸುಮಾರು ಒಂದೂವರೆ ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸರಿಯಾದ ಚಿಕಿತ್ಸೆಯಿಲ್ಲದೆ ಇದ್ದರು. ವಿಶೇಷ ಚಿಕಿತ್ಸೆಯ ಲಾಭ ಹೆಚ್ಚು ಸಿಕ್ಕಿದ್ದು ಅದಕ್ಕಿಂತ ಬೇಗ ಬಂದವರಿಗೆ.

ನಮ್ಮಲ್ಲಿ? ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸೈಕೋಸಿಸ್ ಇದ್ದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಇದಕ್ಕೆ ಜನರ ಅಜ್ಞಾನವೊಂದೇ ಕಾರಣ ಎಂದು ಕೈತೊಳೆದುಕೊಳ್ಳುವುದು ಸುಲಭ. ಅದು ಸತ್ಯವಲ್ಲ. ‘ಗಾಳಿ ಸೋಕಿದೆ’, ‘ಯಾರೋ ಮಾಟ ಮಾಡಿಸಿದ್ದಾರೆ’ ಎಂದುಕೊಂಡು ಮಂತ್ರವಾದಿ, ದೇವಸ್ಥಾನ, ದರ್ಗಾ ಸುತ್ತುವ ಕುಟುಂಬ ತನ್ನ ಮಗುವಿಗಾಗಿ ಪರದಾಡುತ್ತಿದೆ, ಹಣ ಸುರಿಯುತ್ತಿದೆ. ಆ ಜಾಗಗಳು ಹತ್ತಿರದಲ್ಲಿವೆ, ಯಾವ ಹೊತ್ತಿಗೆ ಹೋದರೂ ತೆರೆದಿರುತ್ತವೆ, ಮನೆಮಂದಿಯ ಮಾತು ಕೇಳುತ್ತವೆ, ‘ಹುಚ್ಚು’ ಎಂಬ ಹಣೆಪಟ್ಟಿ ಹಚ್ಚುವುದಿಲ್ಲ. ಇವುಗಳಲ್ಲಿ ಎಷ್ಟನ್ನು ನಮ್ಮ ಆಸ್ಪತ್ರೆಗಳು ಕೊಡುತ್ತಿವೆ? ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಗಂಟು ಇದೆ. ಮದುವೆ ಕೆಡುತ್ತದೆಂದು ಚಿಕಿತ್ಸೆಯನ್ನೇ ಮುಚ್ಚಿಡುತ್ತಾರೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ತಿಳಿಯುತ್ತದೆಂದು ಮಾತ್ರೆ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಗಂಡುಮಕ್ಕಳಿಗೆ ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಸಲಹೆ. ಎರಡೂ ಕಡೆ ನೋವು ತಿನ್ನುವುದು ಏನೂ ಗೊತ್ತಿಲ್ಲದೆ ಬಂದ ಇನ್ನೊಂದು ಜೀವ ಕೂಡ.

ಬಳ್ಳಾರಿಯಿಂದ ಮಂಗಳವಾರದವರೆಗೆ

ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ, ದಾರಿ ತೋರಿಸಿದ ರಾಜ್ಯ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಶುರುವಾದಾಗ ಅದನ್ನು ಒಂದಿಡೀ ಜಿಲ್ಲೆಯ ಹಳ್ಳಿಗಳಿಗೆ ತಲುಪಿಸುವುದು ಹೇಗೆಂದು ಇನ್ನೂ ಸ್ಪಷ್ಟವಿರಲಿಲ್ಲ. ಆ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ಮುಂದೆ ತೀರ್ಥಹಳ್ಳಿ, ತುರುವೇಕೆರೆ, ಜಗಳೂರು ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡಗಳು ಸೈಕೋಸಿಸ್ ಇರುವವರನ್ನು ಊರಿನಲ್ಲೇ ಗುರುತಿಸಿ, ವರ್ಷಗಟ್ಟಲೆ ಬೆನ್ನುಬಿಡದೆ ಚಿಕಿತ್ಸೆ ಕೊಡುವ ಕೆಲಸ ಮಾಡಿವೆ. ರಾಜ್ಯದ ಗ್ರಾಮೀಣ ಭಾಗದಲ್ಲಿ ಚಿಕಿತ್ಸೆಯೇ ಇಲ್ಲದೆ ಉಳಿದಿದ್ದ 100 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಒಂದೂವರೆ ವರ್ಷ ಹಿಂಬಾಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಊರಿಗೇ ಬಂದಾಗ ಲಕ್ಷಣಗಳಷ್ಟೇ ಅಲ್ಲದೆ, ಆರೈಕೆಗಾಗಿ ಮನೆಯವರು ಕಳೆದುಕೊಳ್ಳುತ್ತಿದ್ದ ಸಮಯ ಮತ್ತು ಅಲ್ಲಿ ಇಲ್ಲಿ ಸುರಿಯುತ್ತಿದ್ದ ಹಣವೂ ಇಳಿದದ್ದು ಕಂಡುಬಂತು.

ಇಂದು ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಇರಲು ಕೆಲವು ಜಿಲ್ಲೆಗಳಲ್ಲಿ ‘ಮಾನಸಧಾರ’ ಕೇಂದ್ರಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ರಾಷ್ಟ್ರೀಯ ಹೊಣೆ ನಿಮ್ಹಾನ್ಸ್‌ನದೇ. 14416ಕ್ಕೆ ಕನ್ನಡದಲ್ಲೂ ಮಾತನಾಡಬಹುದು.

ಹಾಗಿದ್ದರೆ ಕೊರತೆ ಎಲ್ಲಿದೆ? ಒಂದು ಮಂಗಳವಾರದ ಸಾಲಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಬೆಳಗಿನ ಬಸ್ಸಿಗೆ ಹೊರಟ ತಾಯಿ, ಜೊತೆಗೆ ಕಣ್ಣೆತ್ತಿ ನೋಡದ ಮಗ. ಚೀಟಿ, ಸಾಲು, ವೈದ್ಯರ ಮುಂದೆ ಕೆಲವೇ ನಿಮಿಷ. ರಿಸ್ಪೆರಿಡೋನ್ ಮಾತ್ರೆ, ಮೈ ಬಿಗಿಯದಂತೆ ಇನ್ನೊಂದು ಮಾತ್ರೆ, ತಿಂಗಳು ಬಿಟ್ಟು ಬನ್ನಿ. ಮುಂದಿನ ತಿಂಗಳು ಅವರು ಬರುವುದಿಲ್ಲ. ಮಾತ್ರೆಯಿಂದ ತೂಕ ಹೆಚ್ಚಿರಬಹುದು, ಹಗಲೆಲ್ಲ ಮಂಪರು ಬಂದಿರಬಹುದು, ಕೂಲಿ ಬಿಟ್ಟು ಬರಲಾಗಿರದಿರಬಹುದು ಅಥವಾ ಗುಣವಾಯಿತೆಂದು ತಾವೇ ನಿಲ್ಲಿಸಿರಬಹುದು. ಬರದೆ ಉಳಿದವನ ಹೆಸರು ದಾಖಲೆ ಪುಸ್ತಕದಲ್ಲಿದೆ. ಆದರೆ ಆ ಹೆಸರಿನ ಮನೆ ಹುಡುಕಿಕೊಂಡು ಹೋಗುವುದು ಯಾರ ಕೆಲಸ? ಜಿಲ್ಲಾ ತಂಡದಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆ ಇದೆ. ಒಂದಿಡೀ ಜಿಲ್ಲೆಗೆ ಒಬ್ಬರೋ ಇಬ್ಬರೋ ಎಷ್ಟು ಬಾಗಿಲು ತಟ್ಟಬಲ್ಲರು?

ಇತ್ತ ಮನೆಯಲ್ಲಿ, ಮಾತ್ರೆ ನುಂಗಲು ಒಪ್ಪದ ಮಗನಿಗೆ ಅಮ್ಮ ಅದನ್ನು ಪುಡಿ ಮಾಡಿ ಸಾರಿಗೆ ಬೆರೆಸುತ್ತಾಳೆ. ಬೇರೆ ದಾರಿ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ದಿನ ಅದು ಮಗನಿಗೆ ಗೊತ್ತಾಗುತ್ತದೆ. ಊಟದಲ್ಲಿ ಏನೋ ಹಾಕುತ್ತಿದ್ದಾರೆಂಬ ಅವನ ಸಂಶಯಕ್ಕೆ ಅಂದು ಪುರಾವೆಯೇ ಸಿಕ್ಕಿದಂತಾಗುತ್ತದೆ. ಇಂಥ ಮನೆಗೆ ಎರಡು ವಾರಕ್ಕೊಮ್ಮೆ ಹೋಗಿ, ಹುಡುಗನೊಂದಿಗೂ ತಾಯಿಯೊಂದಿಗೂ ಬೇರೆ ಬೇರೆಯಾಗಿ ಮಾತನಾಡಿ, ಪ್ರಮಾಣ ಬದಲಿಸಲು ವೈದ್ಯರಿಗೆ ತಿಳಿಸಬಲ್ಲ ಒಬ್ಬ ವ್ಯಕ್ತಿ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಸಮುದಾಯದ ಬೆಂಬಲ ಎಂದರೆ ಜಾಥಾ, ಭಿತ್ತಿಪತ್ರ, ಜಾಗೃತಿ ದಿನಾಚರಣೆ ಎಂದು ನಾವು ಅಂದುಕೊಂಡಿದ್ದೇವೆ. ಅವು ಬೇಕು. ಆದರೆ ಅದರ ತಿರುಳು ಈ ಒಬ್ಬ ವ್ಯಕ್ತಿ.

ಬೇರೆಡೆ ಏನು ಮಾಡಿದರು

ಮೊದಲ ಸೈಕೋಸಿಸ್‌ಗೆಂದೇ ಪ್ರತ್ಯೇಕ ಸೇವೆ ಕಟ್ಟುವ ಯೋಚನೆಗೆ 1990ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಸಂಗಡಿಗರು ರೂಪ ಕೊಟ್ಟರು. ಇಂಗ್ಲೆಂಡ್ 2016ರಿಂದ ಒಂದು ಗಡುವನ್ನೇ ಹಾಕಿಕೊಂಡಿದೆ: ಮೊದಲ ಸೈಕೋಸಿಸ್ ಎಂದು ಕಳುಹಿಸಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕು. ಆಮೇಲೆ ಈ ಗುರಿಯನ್ನು ಶೇ 60ಕ್ಕೆ ಏರಿಸಿದರು. ಅಲ್ಲಿ ಪ್ರತಿ ರೋಗಿಗೂ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಆರೈಕೆ ಸಂಯೋಜಕರು ಇರುತ್ತಾರೆ. ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆ, ಕುಟುಂಬಕ್ಕೆ ತರಬೇತಿ, ಓದಿಗೆ ಅಥವಾ ಕೆಲಸಕ್ಕೆ ಮರಳಲು ನೆರವು, ತೂಕ ಮತ್ತು ಸಕ್ಕರೆಯ ತಪಾಸಣೆ ಎಲ್ಲವೂ ಒಂದೇ ತಂಡದ ಕೈಯಲ್ಲಿ.

ಅದನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು. ಆದರೆ ನಮ್ಮ ಬಳಿ ಅವರಿಗಿಲ್ಲದ ಒಂದು ಬಲವಿದೆ. ಸ್ಕಿಜೋಫ್ರೇನಿಯಾ ಕುರಿತು ಕೆಲಸ ಮಾಡುವ ಚೆನ್ನೈನ ಸ್ಕಾರ್ಫ್ ಸಂಸ್ಥೆ ಮತ್ತು ಕೆನಡಾದ ಮಾಂಟ್ರಿಯಲ್‌ನ ತಂಡ ಒಂದೇ ಬಗೆಯ ಸೇವೆಯನ್ನು ಎರಡೂ ಊರುಗಳಲ್ಲಿ ಎರಡು ವರ್ಷ ಹೋಲಿಸಿ ನೋಡಿದಾಗ, ಚೆನ್ನೈನ ಕುಟುಂಬಗಳು ಚಿಕಿತ್ಸೆಯ ಜೊತೆಗೆ ಹೆಚ್ಚು ಗಟ್ಟಿಯಾಗಿ ನಿಂತದ್ದು ಕಂಡಿತು. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಕುಟುಂಬವನ್ನು ಚಿಕಿತ್ಸೆಯ ಪಾಲುದಾರನನ್ನಾಗಿ ನೋಡುವುದು ಹೊರಗಿನಿಂದ ಕಲಿಯಬೇಕಾದ ಪಾಠವಲ್ಲ. ಆದರೆ ಆ ಕುಟುಂಬದ ಮೇಲೇ ಎಲ್ಲ ಭಾರ ಹೇರಿ ಸರ್ಕಾರ ಸುಮ್ಮನಿರುವುದನ್ನು ಪಾಲುದಾರಿಕೆ ಎನ್ನಲಾಗದು. ಅಪ್ಪ ಅಮ್ಮನಿಗೆ ವಯಸ್ಸಾಗುತ್ತದೆ.

ಮಾತ್ರೆ ಎಷ್ಟು ದಿನ?

ತಜ್ಞರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. 2010ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಅಧ್ಯಯನದಲ್ಲಿ, ಚೇತರಿಸಿಕೊಂಡವರಲ್ಲಿ ಮಾತ್ರೆ ಮುಂದುವರಿಸಿದ ಗುಂಪಿನ ಶೇ 41 ಮಂದಿಗೆ, ನಿಲ್ಲಿಸಿದ ಗುಂಪಿನ ಶೇ 79 ಮಂದಿಗೆ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿತು. ಮೂರು ವರ್ಷದ ಬಳಿಕ ಬಂದ ನೆದರ್ಲೆಂಡ್ಸ್‌ನ ಸಣ್ಣ ಅಧ್ಯಯನವೊಂದು ಬೇರೆಯದನ್ನೇ ಹೇಳಿತು: ವೈದ್ಯರ ನಿಗಾದಲ್ಲಿ ಮಾತ್ರೆ ಇಳಿಸಿದವರು ಏಳು ವರ್ಷದ ಬಳಿಕ ಕೆಲಸ ಮತ್ತು ಸಂಬಂಧಗಳಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು. ಆದರೆ 2023ರಲ್ಲಿ ಪ್ರಕಟವಾದ ಇಂಗ್ಲೆಂಡಿನ ‘ರಾಡಾರ್’ ಪ್ರಯೋಗದಲ್ಲಿ, ಹಲವು ಬಾರಿ ಮರುಕಳಿಸಿದ ಅಥವಾ ಹಳೆಯ ಕಾಯಿಲೆ ಇದ್ದವರಲ್ಲಿ ಮಾತ್ರೆ ಇಳಿಸಿದ್ದರಿಂದ ಅಂಥ ಲಾಭ ಕಾಣಲಿಲ್ಲ, ಮರುಕಳಿಕೆ ಮಾತ್ರ ಹೆಚ್ಚಿತು.

ಓದುಗರು ಇದರಿಂದ ತಿಳಿಯಬೇಕಾದದ್ದು ಇಷ್ಟು. ಇಳಿಸುವುದೋ ಬಿಡುವುದೋ ವೈದ್ಯರೊಂದಿಗೆ ಕುಳಿತು ಮಾಡುವ ತೀರ್ಮಾನ. ಮನೆಯಲ್ಲಿ ಏಕಾಏಕಿ ನಿಲ್ಲಿಸುವುದು ಅಪಾಯ. ಅಲ್ಲದೆ ಪ್ರಮಾಣ ಇಳಿಸುವಾಗ ಮರುಕಳಿಕೆಯ ಮೊದಲ ಸುಳಿವನ್ನು ಗುರುತಿಸಲು ಯಾರಾದರೂ ಆಗಾಗ ನೋಡುತ್ತಿರಲೇಬೇಕು. ಮನೆಗೆ ಹೋಗುವವರಿಲ್ಲದ ಕಡೆ ವೈದ್ಯರಿಗೆ ಈ ಆಯ್ಕೆಯೇ ಉಳಿಯುವುದಿಲ್ಲ. ಕಡಿಮೆ ಮಾತ್ರೆಯಲ್ಲಿ ಬದುಕಬಹುದಾಗಿದ್ದವರೂ ಹೆಚ್ಚಿನದನ್ನೇ ನುಂಗುತ್ತಾ ಇರಬೇಕಾಗುತ್ತದೆ.

ಆಶಾ ಕಾರ್ಯಕರ್ತೆಯ ಹೆಗಲಿಗೆ ಮತ್ತೊಂದು ಹೊರೆಯೇ?

ಆ ಒಬ್ಬ ವ್ಯಕ್ತಿ ಯಾರಾಗಿರಬೇಕು ಎಂಬಲ್ಲಿ ವಾದಗಳು ಕವಲೊಡೆಯುತ್ತವೆ.

ಮನೋವೈದ್ಯರ ಸಂಖ್ಯೆ ಹೆಚ್ಚಿಸುವುದೇ ಪರಿಹಾರ ಎನ್ನುವವರಿದ್ದಾರೆ. ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ, 0.75 ಎನ್ನುತ್ತದೆ ಸಾಮಾನ್ಯವಾಗಿ ಉಲ್ಲೇಖವಾಗುವ ಅಂಕಿ, ಈ ಬೇಡಿಕೆಗೆ ಅರ್ಥವಿದೆ. ಆದರೆ ತಜ್ಞರನ್ನು ತಯಾರಿಸಲು ದಶಕ ಬೇಕು, ತಯಾರಾದವರು ನಗರದಲ್ಲೇ ನಿಲ್ಲುತ್ತಾರೆ. ಇನ್ನು ಕೆಲವರು ಆಶಾ ಕಾರ್ಯಕರ್ತೆಯರತ್ತ ಕೈ ತೋರುತ್ತಾರೆ. ಊರಿನ ಪ್ರತಿ ಮನೆಯನ್ನೂ ಬಲ್ಲವಳು ಅವಳೇ, ನಿಜ. ಆದರೆ ಬಸುರಿ, ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲವನ್ನೂ ಹೊತ್ತ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅಹೋರಾತ್ರಿ ಧರಣಿ ಕೂತದ್ದನ್ನು ನಾಡು ನೋಡಿದೆ. ಗುರುತಿಸಿ ಹೇಳುವ ಕೆಲಸವನ್ನು ಅವರು ಮಾಡಬಲ್ಲರು. ಎರಡು ವರ್ಷ ಬೆನ್ನಿಗೆ ನಿಲ್ಲುವ ಕೆಲಸವನ್ನೂ ಅವರಿಂದಲೇ ನಿರೀಕ್ಷಿಸುವುದು ಅನ್ಯಾಯ.

ಇನ್ನೊಂದು ದಾರಿ, ಇದೇ ಕೆಲಸಕ್ಕೆಂದು ತರಬೇತಿ ಪಡೆದ, ಸಂಬಳವುಳ್ಳ ಸ್ಥಳೀಯ ಕಾರ್ಯಕರ್ತರು. ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಲಾಗಿದೆ. ಗೋವಾ, ಮಹಾರಾಷ್ಟ್ರದ ಸತಾರಾ ಮತ್ತು ತಮಿಳುನಾಡಿನಲ್ಲಿ ಸ್ಕಿಜೋಫ್ರೇನಿಯಾ ಇರುವ 282 ಮಂದಿಯೊಂದಿಗೆ ನಡೆದ ‘ಕಾಪ್ಸಿ’ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಮನೆಗೆ ಬರುವ ಸಮುದಾಯ ಕಾರ್ಯಕರ್ತರ ನೆರವು ಪಡೆದವರಲ್ಲಿ, ಆಸ್ಪತ್ರೆಯ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ ಒಂದು ವರ್ಷದ ಬಳಿಕ ಲಕ್ಷಣಗಳೂ ದೈನಂದಿನ ಬದುಕಿನ ಅಡಚಣೆಗಳೂ ಕಡಿಮೆ ಇದ್ದವು. ಲಾಭ ದೊಡ್ಡದೇನಲ್ಲ. ಕಳಂಕದ ವಿಷಯದಲ್ಲಿ ಗಮನಾರ್ಹ ಬದಲಾವಣೆಯೂ ಕಾಣಲಿಲ್ಲ. ಅದನ್ನು ಮುಚ್ಚಿಡಬೇಕಿಲ್ಲ. ಅಲ್ಲಿದ್ದವರು ಹೆಚ್ಚಾಗಿ ವರ್ಷಗಳಿಂದ ಕಾಯಿಲೆಯಲ್ಲಿದ್ದವರು. ಅಷ್ಟು ತಡವಾಗಿಯೂ ಇಷ್ಟು ಸಿಕ್ಕಿತೆಂದರೆ ಮೊದಲ ವರ್ಷದಲ್ಲೇ ಈ ನೆರವು ಕೊಡುವುದು ಇನ್ನಷ್ಟು ಸಮಂಜಸ ಎಂಬುದು ಈ ಲೇಖಕರ ಅಭಿಪ್ರಾಯ.

ಎರಡು ವರ್ಷ ಸಾಕೇ ಎಂಬ ಪ್ರಶ್ನೆಯೂ ಇದೆ. ಮೊದಲ ಸೈಕೋಸಿಸ್‌ಗೆಂದೇ ರೂಪಿಸಿದ ಡೆನ್ಮಾರ್ಕ್‌ನ ‘ಓಪಸ್’ ಸೇವೆಯಲ್ಲಿ ಎರಡು ವರ್ಷದ ಕೊನೆಗೆ ಕಂಡ ಲಾಭದ ಬಹುಪಾಲು ಐದನೆಯ ವರ್ಷದ ಹೊತ್ತಿಗೆ ಕರಗಿತ್ತು. ಹಾಗಾಗಿ ಬೆಂಬಲವನ್ನು ಒಮ್ಮೆಲೇ ಕಿತ್ತುಕೊಳ್ಳದೆ ನಿಧಾನವಾಗಿ ಇಳಿಸಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ.

ಮುಂದೇನಾಗಬಹುದು

ಕಾನೂನಿನ ಕೊರತೆ ಇಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಮಂದಿ ಮಾನಸಿಕ ರೋಗಿಗಳು ಬೆಂಕಿಗೆ ಆಹುತಿಯಾದ ದೇಶ ಇದು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಸರಪಳಿಯನ್ನು ನಿಷೇಧಿಸುತ್ತದೆ. ಸಮುದಾಯದ ನಡುವೆ ಬದುಕುವುದನ್ನು ಹಕ್ಕೆಂದು ಒಪ್ಪುತ್ತದೆ. ಮನೆಯಲ್ಲೇ ಪುನರ್ವಸತಿ, ಕುಟುಂಬಕ್ಕೆ ನೆರವು, ಆಸ್ಪತ್ರೆಯಿಂದ ಹೊರಬಂದವರು ಸ್ವತಂತ್ರ ಬದುಕಿಗೆ ಮರಳುವ ಮುನ್ನ ಇರುವ ‘ಅರ್ಧದಾರಿ ಮನೆ’ಗಳನ್ನು ಸರ್ಕಾರ ಒದಗಿಸಬೇಕಾದ ಸೇವೆಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಆಸ್ಪತ್ರೆಯ ಹೊರಗೆ ಏನು ಸಾಧ್ಯವೆಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಗಳಿವೆ: ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿ, ರಿಚ್ಮಂಡ್ ಫೆಲೋಶಿಪ್ ಮತ್ತು ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್‌ನ ವಸತಿ ಕೇಂದ್ರಗಳು. ಅವು ಬೆಂಗಳೂರಿನಲ್ಲಿವೆ ಎಂಬುದೇ ಸಮಸ್ಯೆ ಕೂಡ. ಬೀದರ್‌ನ ಹುಡುಗನೊಬ್ಬ ಬೇಕರಿ ಕೆಲಸ ಕಲಿಯಲು ಇನ್ನೂರು ರೂಪಾಯಿ ಕೂಲಿಯ ಅಪ್ಪನನ್ನು ಬಿಟ್ಟು ಅಷ್ಟು ದೂರ ಬರಲಾರ.

ಈಗ ಸುಪ್ರೀಂ ಕೋರ್ಟ್‌ನ ಮಾರ್ಗಸೂಚಿಗೆ ಮರಳೋಣ. ಕಾಲೇಜುಗಳು ಅದನ್ನು ಮನಸಾರೆ ಪಾಲಿಸಿದರೆ ಮೊದಲು ಆಗುವುದು, ಇದುವರೆಗೆ ಹಾಸ್ಟೆಲ್ ಕೋಣೆಯಲ್ಲೇ ಉಳಿಯುತ್ತಿದ್ದ ಸೈಕೋಸಿಸ್ ಪ್ರಕರಣಗಳು ಬೇಗ ಬೆಳಕಿಗೆ ಬರುವುದು. ಅದು ಒಳ್ಳೆಯದು. ಅದರ ಬೆನ್ನಿಗೇ ಜಿಲ್ಲಾಸ್ಪತ್ರೆಯ ಸಾಲು ಉದ್ದವಾಗುತ್ತದೆ. ಆ ಸಾಲಿನ ಆಚೆ ಸಿಬ್ಬಂದಿ ಹೆಚ್ಚದಿದ್ದರೆ ಪ್ರತಿಯೊಬ್ಬರಿಗೂ ಸಿಗುವ ನಿಮಿಷಗಳು ಇನ್ನೂ ಕಡಿಮೆಯಾಗುತ್ತವೆ, ಅರ್ಧಕ್ಕೇ ಬಿಟ್ಟುಹೋಗುವವರು ಹೆಚ್ಚುತ್ತಾರೆ. ಜೊತೆಗೆ, ಕಾಯಿಲೆ ಗೊತ್ತಾದೊಡನೆ ‘ಗುಣಮುಖ’ ಪ್ರಮಾಣಪತ್ರ ತರುವವರೆಗೆ ಕಾಲೇಜಿಗೆ ಬರಬೇಡ ಎಂದು ಹೇಳುವ ಆಡಳಿತ ಮಂಡಳಿಗಳೂ ಇರುತ್ತವೆ. ಆಗ ಗುರುತಿಸುವಿಕೆಯೇ ಶಿಕ್ಷೆಯಾಗುತ್ತದೆ, ಮುಂದಿನ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ. ಹಾಜರಾತಿಯಲ್ಲಿ ವಿನಾಯಿತಿ, ಒಂದು ಸೆಮಿಸ್ಟರ್ ಬಿಟ್ಟು ಮರಳುವ ಹಕ್ಕು, ಪರೀಕ್ಷೆಗೆ ಹೆಚ್ಚುವರಿ ಸಮಯ, ಇವನ್ನು ವಿಶ್ವವಿದ್ಯಾಲಯಗಳು ಲಿಖಿತ ನಿಯಮ ಮಾಡಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ರಾಜ್ಯ ಸರ್ಕಾರದ ಮುಂದಿರುವ ಕೆಲಸ ಅದಕ್ಕಿಂತ ತುಸು ದೊಡ್ಡದು. ಪ್ರತಿ ತಾಲ್ಲೂಕಿನ ಮನೋಚೈತನ್ಯ ಚಿಕಿತ್ಸಾಲಯಕ್ಕೆ ಒಬ್ಬ ಪೂರ್ಣಾವಧಿ ಕಾರ್ಯಕರ್ತ ಅಥವಾ ಕಾರ್ಯಕರ್ತೆಯನ್ನು ನೇಮಿಸಿ, ಮೊದಲ ಬಾರಿ ಸೈಕೋಸಿಸ್ ಎಂದು ದಾಖಲಾದ ಯುವಜನರ ಪ್ರತ್ಯೇಕ ಪಟ್ಟಿಯನ್ನು ಅವರ ಕೈಗೆ ಕೊಡಬೇಕು. ಮಂಗಳವಾರ ಬರದವರ ಮನೆಗೆ ಆ ವಾರವೇ ಹೋಗುವುದು ಅವರ ಮೊದಲ ಕರ್ತವ್ಯವಾಗಬೇಕು. ತೀರ್ಥಹಳ್ಳಿಯಲ್ಲೂ ತುರುವೇಕೆರೆಯಲ್ಲೂ ಈ ಕೆಲಸ ಮಾಡಿ ಗೊತ್ತಿರುವವರು ಇದೇ ರಾಜ್ಯದಲ್ಲಿದ್ದಾರೆ. ಅವರನ್ನು ಕೂರಿಸಿ ಕೇಳಿದರೆ ತರಬೇತಿಯ ಪಠ್ಯ ಒಂದೇ ತಿಂಗಳಲ್ಲಿ ಸಿದ್ಧವಾದೀತು.

ಅಲ್ಲಿಯವರೆಗೆ, ಮನೆಯಲ್ಲಿ ಇಂಥ ಲಕ್ಷಣ ಕಂಡವರು 14416ಕ್ಕೆ ಕರೆ ಮಾಡಿ ಹತ್ತಿರದ ಮನೋವೈದ್ಯಕೀಯ ಸೇವೆ ಎಲ್ಲಿದೆ ಎಂದು ಕೇಳಬಹುದು. ವೈದ್ಯರ ಮುಂದೆ ಕುಳಿತಾಗ ಮಾತ್ರೆಯ ಅಡ್ಡಪರಿಣಾಮ ಏನು, ಅದು ಕಂಡರೆ ಯಾರಿಗೆ ಫೋನ್ ಮಾಡಬೇಕು, ಮಗ ಮಾತ್ರೆ ಬೇಡವೆಂದರೆ ಏನು ಮಾಡಬೇಕು ಎಂಬ ಮೂರನ್ನೂ ಕೇಳಿಯೇ ಎದ್ದು ಬರಬೇಕು. ಕಿವಿಯಲ್ಲಿ ಕೇಳುವ ಮಾತು ಸುಳ್ಳೆಂದು ಮಗನೊಂದಿಗೆ ವಾದಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ. ಅವನಿಗೆ ಅದು ಕೇಳಿಸುತ್ತಿದೆ, ಅದರಿಂದ ಅವನಿಗೆ ಭಯವಾಗಿದೆ. ಆ ಭಯದ ಬಗ್ಗೆ ಕೇಳಿದರೆ ಅವನು ಮಾತನಾಡುತ್ತಾನೆ.